ಯಲಬುರ್ಗಿಯ ಬಾಕಿ

ನಮ್ಮ ಟೆಂಟ್ ಸಾವ್ಕಾರ್ರ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೂ ಕಪ್ಪು. ಹುಟ್ಟಿನಿಂದ ಬಂದದ್ದಲ್ಲ. ಸಿನಿಮಾ ಮಷೀನಿನೊಳಗೆ ಧಗಧಗ ಉರಿಯುವ ಕಾರ್ಬನ್ ಕಡ್ಡಿಗಳನ್ನು ದಿನಾ ಸಂಜೆ ಹಿಡಿದು, ತಿರುವಿ, ಜೋಡಿಸಿ ಚರ್ಮದೊಳಗೆ ಇಳಿದು ಕುಳಿತ ಕಪ್ಪು. ಸೋಡಾ ಹಾಕಿ ತಿಕ್ಕಿದರು, ಹುಣಸೆಹಣ್ಣು ಹಚ್ಚಿ ತಿಕ್ಕಿದರು, ಹುಲಿಗಿಯ ಹೊಳೆಯ ಉಸುಕಿನಲ್ಲಿ ಬೆರಳು ಕೆಂಪಾಗುವ ತನಕ ಉಜ್ಜಿಕೊಂಡರು. ಹೋಗಲಿಲ್ಲ. ಇಲೆಕ್ಷನ್ನಿನಲ್ಲಿ ಓಟು ಹಾಕಲು ಹೋದಾಗ ಶಾಯಿ ಹಚ್ಚುವ ಮಾಸ್ತರರು ಆ ಕೈ ನೋಡಿ, ‘ಎಷ್ಟು ಊರಾಗ ಓಟು ಹಾಕಿ ಬಂದೀರಿ?’ ಎಂದು ಹೊರಗೆ ಅಟ್ಟಿದರಂತೆ. ಈ ಕತೆ ಕುಷ್ಟಗಿ ತಾಲೂಕಿನ ತುಂಬ ಓಡಾಡಿತ್ತು. ಸುಳ್ಳು. ಕಟ್ಟಿದವನು ನಾನೇ.

ಆಗ ನನ್ನ ಕೆಲಸವೇ ಅದು. ಟೂರಿಂಗ್ ಟಾಕೀಸಿನ ಮೈಕು ನನ್ನ ಕೈಯಲ್ಲಿತ್ತು. ಹಗಲು ಎತ್ತಿನ ಬಂಡಿಗೆ ಸಿನಿಮಾ ಬೋರ್ಡು ಕಟ್ಟಿಕೊಂಡು ಹಳ್ಳಿ ಹಳ್ಳಿ ಸುತ್ತಿ ಕೂಗುವುದು, ಸಂಜೆ ಗೇಟಿನಲ್ಲಿ ಟಿಕೀಟು ಹರಿಯುವುದು. ನನ್ನ ದನಿಯ ಬಗ್ಗೆ ನಾನೇ ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ: ಬ್ಯಾಟರಿ ಸತ್ತ ದಿನ ಬರಿಗಂಟಲಲ್ಲಿ ಕೂಗಿದರೂ ಹಳ್ಳದ ಆಚೆ ಮೇಯುವ ಎಮ್ಮೆ ಕತ್ತೆತ್ತಿ ನೋಡುತ್ತಿತ್ತು. ಸಿನಿಮಾ ನೋಡಿ ಹೊರಬಂದವರು ‘ಸಿನಿಮಾಕ್ಕಿಂತ ನೀ ಹೇಳಿದ್ದ ಛಲೋ ಇತ್ತಲೇ’ ಎಂದು ಬೈಯುತ್ತಿದ್ದರು. ಬೈಗುಳ ಅಂತ ನಾನು ತಿಳಿದಿರಲಿಲ್ಲ.

ಸಾವ್ಕಾರ್ರು ಅಂತ ಕರೆಯುತ್ತಿದ್ದೆವೇ ಹೊರತು ಅವರಲ್ಲಿ ಸಾವ್ಕಾರಿಕೆ ಏನೂ ಇರಲಿಲ್ಲ. ಎರಡು ಧೋತರ, ಒಂದು ಕರಿ ಕೋಟು. ಮುದುಕರು ಬಂದರೆ ಟಿಕೀಟು ಬೇಡ. ಹಾಲು ಕುಡಿಯುವ ಕೂಸನ್ನು ಎತ್ತಿಕೊಂಡ ತಾಯಿ ಬಂದರೆ ಟಿಕೀಟು ಬೇಡ. ‘ಹಿಂಗಾದ್ರ ಡೀಸೆಲ್ಲಿಗೆ ಏನು ಮಾಡೂದ್ರಿ?’ ಎಂದರೆ ಒಂದೇ ಉತ್ತರ: ‘ಆತು ಬಿಡು, ನಾಳಿ ನೋಡೂಣು.’ ಅದು ಅವರ ಬಾಯಿಪಾಠ. ಸಾಲ ಕೊಟ್ಟವ ಬಂದರೂ ಅದೇ, ಮಳೆ ಬಂದರೂ ಅದೇ, ಪರದೆ ಹರಿದರೂ ಅದೇ.

ಅವರಿಗೆ ಹೆಂಡತಿ ಇದ್ದಾರೆ ಎಂಬುದು ನನ್ನ ಒಂದು ಕಿಡಿಗೇಡಿತನದಿಂದ ಗೊತ್ತಾಯಿತು. ಕುಷ್ಟಗಿಯಲ್ಲಿ ಟೆಂಟು ಹಾಕಿದ್ದೆವು. ಇಂಟರ್‌ವಲ್ಲಿನಲ್ಲಿ ಮೈಕಿನಲ್ಲಿ ಹೆಸರು ಕರೆದು ಒಳಗಿದ್ದವರನ್ನು ಹೊರಗೆ ಕರೆಸುವುದು ರೂಢಿ. ಯಾರದೋ ಎಮ್ಮೆ ಈದಿದೆ, ಯಾರದೋ ಬೀಗರು ಬಂದಿದ್ದಾರೆ, ಹೀಗೆ. ಆ ಸಂಜೆ ಗಂಡಸರೇ ಕಿಕ್ಕಿರಿದಿದ್ದರು. ನಾನು ಗಂಟಲು ಸರಿಮಾಡಿಕೊಂಡು, ‘ಹೊರಗ ಗೇಟಿನ್ಯಾಗ ಹೆಂಡ್ತಿ ಬಂದು ನಿಂತಾಳ. ಭಾಳ ಸಿಟ್ಟಿಗೆ ಬಂದಾಳ. ಯಾರ ಹೆಂಡ್ತಿ ಅನ್ನೂದು ಅವರವರಿಗೆ ಗೊತ್ತಿರತೈತಿ, ಲಗೂನ ಬರ್ರಿ’ ಎಂದೆ. ಅರ್ಧ ಟೆಂಟು ಎದ್ದು ನಿಂತಿತು. ಒಂದಿಷ್ಟು ಮಂದಿ ಟೆಂಟಿನ ಬಟ್ಟೆಯ ಬುಡ ಎತ್ತಿ ಹಿಂದಿನಿಂದ ನುಸುಳಿದರು. ಮುಳ್ಳುಬೇಲಿಗೆ ಸಿಕ್ಕ ಧೋತರಗಳು ಮರುದಿನವೂ ಅಲ್ಲಿದ್ದವು.

ನಾನು ಹೊಟ್ಟೆ ಹಿಡಿದು ನಗುತ್ತಿರುವಾಗ ಸಾವ್ಕಾರ್ರು ಮಷೀನ್ ಗೂಡಿನಿಂದ ಇಳಿದು ಬಂದರು. ಮುಖದಲ್ಲಿ ರಕ್ತವಿಲ್ಲ.

‘ಯಲಬುರ್ಗಿಯಿಂದ ಬಂದಾಳೇನು?’

‘ಯಾರ್ರೀ?’

‘ಏನರ ಅಂದಳೇನು?’

ಚೇಷ್ಟೆ ಅಂತ ಹೇಳಿದ ಮೇಲೆ ಅವರು ಬಯ್ಯಲಿಲ್ಲ. ಅಲ್ಲೇ ಟಿಕೀಟು ಪೆಟ್ಟಿಗೆಯ ಮೇಲೆ ಕುಳಿತು ಎಲ್ಲ ಹೇಳಿದರು. ಮದುವೆಯಾದ ಹೊಸತರಲ್ಲಿ ಹೆಂಡತಿಯ ಸೊಂಟದ ಡಾಬು, ಕೈಯ ಬಿಲ್ವಾರ, ತವರಿನವರು ಹಾಕಿದ್ದನ್ನೆಲ್ಲ ಗದಗಿನಲ್ಲಿ ಮಾರಿ ಈ ಮಷೀನು ತಂದಿದ್ದರು. ಒಂದು ವರ್ಷದಲ್ಲಿ ಬಂಗಾರವೂ ಬರುತ್ತದೆ, ನಾನೂ ಬರುತ್ತೇನೆ ಎಂದು ಆಕೆಯನ್ನು ಯಲಬುರ್ಗಿಯ ಅಣ್ಣನ ಮನೆಯಲ್ಲಿ ಬಿಟ್ಟು ಬಂದವರು, ಬರಿಗೈಯಲ್ಲಿ ಹೇಗೆ ಹೋಗಲಿ ಎಂದು ನಾಳೆ ನಾಳೆ ಅನ್ನುತ್ತ ಹೋಗಲೇ ಇಲ್ಲ. ಕಾದು ಕಾದು ಅಣ್ಣ ಆಕೆಯ ಕೈಯಿಂದ ಕೋರ್ಟಿಗೆ ಹಾಕಿಸಿದ. ತಿಂಗಳಿಗೆ ನಲವತ್ತು ರೂಪಾಯಿ ಜೀವನಾಂಶ ಕೊಡಬೇಕೆಂದು ಹುಕುಂ ಆಗಿತ್ತು.

‘ಮುಖ ತೋರಸಾಕ ಆಗವಲ್ದಲೇ. ನೀ ಹೋಗಿ ಕೊಟ್ಟು ಬರತೀಯೇನು?’ ಎಂದರು.

ಅಲ್ಲಿಂದ ತಿಂಗಳಿಗೊಮ್ಮೆ ನಾನು ಯಲಬುರ್ಗಿಯ ಬಸ್ಸು ಹತ್ತತೊಡಗಿದೆ. ನಾನು ಅವರನ್ನು ಅಕ್ಕಾರು ಎನ್ನುತ್ತಿದ್ದೆ. ಅಣ್ಣನ ಮನೆಯ ಮುಂದಿನ ಕೋಣೆ ಅವರದು, ಹೊರಗೆ ಒಂದು ಕಟ್ಟೆ. ಆ ಕಟ್ಟೆಯ ಮೇಲೆ ಹಳೆ ಸೀರೆಗಳನ್ನು ಹರವಿಕೊಂಡು ಕೌದಿ ಹೊಲಿಯುತ್ತ ಕೂತಿರುತ್ತಿದ್ದರು. ರೊಕ್ಕ ತೆಗೆದುಕೊಂಡು, ಕಟ್ಟೆಯ ಮೇಲೇ ನನಗೆ ರೊಟ್ಟಿ ತಂದುಕೊಟ್ಟು, ನಾನು ಉಣ್ಣುವ ತನಕ ಸೂಜಿಯಿಂದ ಕಣ್ಣೆತ್ತುತ್ತಿರಲಿಲ್ಲ. ಗಂಡನ ಸುದ್ದಿ ಕೇಳುತ್ತಿರಲಿಲ್ಲ. ನಾನು ಸುಮ್ಮನಿರುವ ಪೈಕಿಯೇ? ‘ಸಾವ್ಕಾರ್ರು ನಿಮ್ಮನ್ನ ಭಾಳ ನೆನಸತಾರ್ರಿ ಅಕ್ಕಾರ. ಮನ್ನೆ ಊಟಾನ ಮಾಡಲಿಲ್ಲ’ ಎಂದೆ.

‘ಮನ್ನೆ ಏಕಾದಶಿ ಇತ್ತಲ್ಲ ತಮ್ಮಾ’ ಎಂದರು, ಸೂಜಿಗೆ ದಾರ ಪೋಣಿಸುತ್ತ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನಮ್ಮ ಟೆಂಟು ಕುಂಟತೊಡಗಿತು. ಗಂಗಾವತಿಯಲ್ಲಿ ಕಾಲುವೆ ನೀರು ಬಂದು, ಭತ್ತದ ರೊಕ್ಕ ಬಂದು, ಫ್ಯಾನು ತಿರುಗುವ ಪಕ್ಕಾ ಥೇಟರುಗಳು ಎದ್ದಿದ್ದವು. ನೆಲದ ಮೇಲೆ ಉಸುಕಿನಲ್ಲಿ ಕೂತು ನೋಡಲು ಯಾರು ಬರುತ್ತಾರೆ? ಅದರ ಮೇಲೆ ಒಂದು ಬಿರುಗಾಳಿ ಟೆಂಟನ್ನು ಎರಡು ಹೋಳು ಮಾಡಿತು. ಜನರೇಟರಿಗೆ ಸಾಲ ಕೊಟ್ಟ ಸೇಟು ಕೋರ್ಟಿನಿಂದ ಡಿಕ್ರಿ ತಂದಿದ್ದ. ಹಿಂದಿನ ಸಾಲಿಗೆ ಖುರ್ಚಿ ಮಾರಿದವನು, ಡೀಸೆಲ್ಲಿನವನು, ರೀಲು ಬಾಡಿಗೆ ಕೊಟ್ಟವನು, ಎಲ್ಲರೂ ಬೆಳಿಗ್ಗೆ ಎದ್ದ ಕೂಡಲೇ ಟೆಂಟಿನ ಮುಂದೆ. ಇಷ್ಟೆಲ್ಲದರ ನಡುವೆ ಯಲಬುರ್ಗಿಯ ನಲವತ್ತೂ ಬಾಕಿ ಬೀಳತೊಡಗಿತು.

ಆಗ ಗಂಗಾವತಿಯ ಚಹದಂಗಡಿಗಳಲ್ಲಿ ಒಂದೇ ಮಾತು, ಐಪಿ. ಅಕ್ಕಿ ವ್ಯಾಪಾರಿಗಳು ಒಬ್ಬರ ಹಿಂದೆ ಒಬ್ಬರು ‘ಐಪಿ ಹಾಕಿದರು’ ಎಂದು ಸುದ್ದಿ. ಅಂದರೆ ಪಾಪರ್ ಅರ್ಜಿ. ನನ್ನಿಂದ ಸಾಲ ತೀರದು, ನನ್ನ ಬಳಿ ಇರುವುದನ್ನೆಲ್ಲ ಮಾರಿ ಎಲ್ಲರಿಗೂ ಹಂಚಿ ನನ್ನನ್ನು ಬಿಟ್ಟುಬಿಡಿ ಎಂದು ಕೋರ್ಟಿಗೆ ಕೈಮುಗಿಯುವುದು. ನಾನು ಎರಡು ದಿನ ಕೋರ್ಟಿನ ಮುಂದಿನ ಚಹದಂಗಡಿಯಲ್ಲಿ ಕೂತು ಬಂದವನು, ದೊಡ್ಡ ಬ್ಯಾರಿಸ್ಟರನ ಗತ್ತಿನಲ್ಲಿ ಸಾವ್ಕಾರ್ರಿಗೆ ಕಾಯಿದೆ ಹೇಳಿದೆ.

‘ಯಾರ್‍ಯಾರಿಗೆ ಕೊಡೂದೈತಿ ಅವರೆಲ್ಲಾರ ಹೆಸರು ಬರಸಬೇಕ್ರಿ. ಒಬ್ಬರನ್ನೂ ಬಿಡೂಹಂಗಿಲ್ಲ. ಹೆಸರು ಬಿದ್ದ ಸಾಲ ಎಲ್ಲಾ ಸಾಫ್.’

ಸಾವ್ಕಾರ್ರು ಒಂದೊಂದೇ ಹೆಸರು ಹೇಳಿದರು. ನಾನು ವಕೀಲರ ಕಾರಕೂನನಿಂದ ಬರೆಸಿದೆ. ಮುಗಿಯಿತು ಎಂದಾಗ ನಾನು, ‘ಅಕ್ಕಾರ ಹೆಸರು?’ ಎಂದೆ.

‘ಆಕಿ ಹೆಸರ ಯಾಕಲೇ?’

‘ಬಾಕಿ ಐತಲ್ರಿ. ಸೇಟಂದೂ ಕೋರ್ಟಿನ ಹುಕುಂ, ಅಕ್ಕಾರದೂ ಕೋರ್ಟಿನ ಹುಕುಂ. ಅದೂ ಒಮ್ಮಿಗೇ ಹೋಗಲಿ. ಆಮ್ಯಾಲ ಹಗೂರ ಆಗಿ, ಹೊಸಾ ಮನಿಶಾ ಆಗಿ ಯಲಬುರ್ಗಿಗೆ ಹೋಗ್ರಿ.’

‘ಬ್ಯಾಡಲೇ’ ಎಂದರು. ನಾನು ಬಿಡಲಿಲ್ಲ, ಒತ್ತಾಯ ಮಾಡಿದೆ. ‘ನಾಳಿ ನೋಡೂಣು’ ಎಂದಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ. ಆವತ್ತು ಅವರು ಅನ್ನಲಿಲ್ಲ. ‘ಆತು ಬಿಡು, ಬರಸು’ ಎಂದರು. ಖುರ್ಚಿಯವನ ಕೆಳಗೆ, ಡೀಸೆಲ್ಲಿನವನ ಮೇಲೆ ಅಕ್ಕಾರ ಹೆಸರು ಬಿತ್ತು. ವಕೀಲರು ಓದದೆ ಸಹಿ ಹಾಕಿದರು.

ಆಗ ನಮ್ಮ ತಾಲೂಕುಗಳೆಲ್ಲ ರಾಯಚೂರು ಜಿಲ್ಲೆ. ವಿಚಾರಣೆ ಅಲ್ಲಿನ ದೊಡ್ಡ ಕೋರ್ಟಿನಲ್ಲಿ. ಸಾಲ ಕೊಟ್ಟವರಿಗೆಲ್ಲ ನೋಟೀಸು ಹೋಗಿತ್ತು, ಅಕ್ಕಾರಿಗೂ. ನಾವು ಹೋಗಿ ನೋಡಿದರೆ ಪಡಸಾಲೆಯ ಕಂಬಕ್ಕೆ ಒರಗಿ, ರೊಟ್ಟಿಯ ಗಂಟು ತೊಡೆಯ ಮೇಲಿಟ್ಟುಕೊಂಡು ಅಣ್ಣನ ಜೊತೆ ಕೂತಿದ್ದಾರೆ. ಗಂಡ ಹೆಂಡತಿ ಒಬ್ಬರನ್ನೊಬ್ಬರು ಅಷ್ಟು ವರ್ಷದ ಮೇಲೆ ನೋಡಿದ್ದು ಅಲ್ಲಿ. ಅಕ್ಕಾರು ಸೆರಗು ಎಳೆದುಕೊಂಡರು. ಸಾವ್ಕಾರ್ರು ಚಪ್ಪಲಿ ನೋಡಿಕೊಂಡರು.

ಕೋರ್ಟಿನ ಜವಾನ ಬಾಗಿಲಲ್ಲಿ ನಿಂತು ಹೆಸರು ಕೂಗತೊಡಗಿದ. ಸೇಟು ಒಳಗೆ ಹೋದ. ಖುರ್ಚಿಯವನು ಹೋದ. ಆಮೇಲೆ ಅಕ್ಕಾರ ಹೆಸರು. ಜೀವನವಿಡೀ ಮಂದಿಯ ಹೆಸರು ಕೂಗಿ ನಗಿಸಿದವನು ನಾನು. ಒಂದು ಹೆಸರನ್ನು ಹಾಗೆ ಕೂಗಿದರೆ ಆ ಹೆಸರಿನವರಿಗೆ ಏನಾಗುತ್ತದೆ ಎಂದು ಅವತ್ತು ಗೊತ್ತಾಯಿತು.

ಜಡ್ಜ್ ಸಾಹೇಬರು ವಯಸ್ಸಾದವರು. ಕನ್ನಡಕ ಮೇಲೆತ್ತಿ, ‘ನೀವು ಇವರಿಗೆ ಏನು ಕೊಟ್ಟಿದ್ದಿರಮ್ಮ? ಏನು ಬಾಕಿ?’ ಎಂದರು.

‘ನಾ ಇವರಿಗೆ ಖುರ್ಚಿ ಮಾರಿಲ್ರಿ. ಡೀಸೆಲ್ ಹಾಕಿಲ್ರಿ. ನಾ ಇವರ ಹೆಂಡ್ತಿರಿ.’

ಸಾಹೇಬರು ಕಾಗದ ತಿರುವಿ ನೋಡಿ ಕೆಂಡವಾದರು. ‘ಹೆಂಡತಿಯ ಜೀವನಾಂಶವನ್ನು ಸಾಲ ಕೊಟ್ಟವರ ಪಟ್ಟಿಯಲ್ಲಿ ಯಾರು ಬರೆಸಿದ್ದು?’

ನಾನು ಬಾಗಿಲ ಹತ್ತಿರ ನಿಂತಿದ್ದೆ. ಎಮ್ಮೆಗಳನ್ನು ತಿರುಗಿಸುವ ದನಿಯವನು ಬಾಗಿಲ ಮರೆಗೆ ಸರಿದೆ. ಸಾವ್ಕಾರ್ರು ಕೈಮುಗಿದು ಹೇಳಿದರು: ‘ನಾನ ಬರಸೀನ್ರಿ, ಸಾಹೇಬ್ರ. ನನ್ನದ ಬುದ್ಧಿ.’

ಅಕ್ಕಾರು ಒಂದು ಸಲ ಗಂಡನ ಮುಖ ನೋಡಿದರು. ಆಮೇಲೆ ನೋಡಲಿಲ್ಲ.

ಸಾಹೇಬರು ಆ ಹೆಸರು ಹೊಡೆದು ಹಾಕಿಸಿ, ನಮಗೆಲ್ಲ ತಿಳಿಯುವ ಹಾಗೆ ಹೇಳಿದರು. ಪಾಪರ್ ಎಂದು ಬಿಡುಗಡೆ ಸಿಕ್ಕರೆ ವ್ಯವಹಾರದ ಸಾಲಗಳು ಹೋಗುತ್ತವೆ. ಸರಕಾರದ ತೆರಿಗೆ ಹೋಗುವುದಿಲ್ಲ. ಮೋಸ ಮಾಡಿ ತಂದ ಸಾಲ ಹೋಗುವುದಿಲ್ಲ. ಹೆಂಡತಿಗೆ ಕೊಡಬೇಕೆಂದು ಕೋರ್ಟು ಹೇಳಿದ್ದು ಹೋಗುವುದಿಲ್ಲ. ಇದನ್ನು ಕೇಳಿ ಸೇಟು ತನ್ನ ಡಿಕ್ರಿ ಎತ್ತಿ ಹಿಡಿದು ಕುಣಿದಾಡಿಬಿಟ್ಟ.

‘ಸಾಹೇಬ್ರ, ನಂದೂ ಕೋರ್ಟಿನ ಕಾಗದ ಐತ್ರಿ! ನೋಡ್ರಿ, ಸಿಕ್ಕಾ ಹೊಡದದ್ದೈತಿ! ಆಕಿದು ನಲವತ್ತ ರೂಪಾಯಿ ಉಳಿತೈತಿ, ನನ್ನ ಅಷ್ಟು ಸಾವಿರ ಹೋಗತೈತಿ ಅಂದ್ರ ಇದ್ಯಾವ ಲೆಕ್ಕರಿ?’

‘ನೀವು ಜನರೇಟರಿಗೆ ಕೊಟ್ಟದ್ದು ವ್ಯವಹಾರದ ಸಾಲ. ಡಿಕ್ರಿ ಇದ್ದರೂ ಅಷ್ಟೇ, ಬರಿ ಚೀಟಿ ಇದ್ದರೂ ಅಷ್ಟೇ. ಮಾರಿ ಬಂದದ್ದರಲ್ಲಿ ಎಲ್ಲರ ಜೊತೆ ಪಾಲು ತೆಗೆದುಕೊಳ್ಳಿ. ಕೂತುಕೊಳ್ಳಿ’ ಎಂದರು ಸಾಹೇಬರು.

ಕೋರ್ಟಿನವರು ಟೆಂಟು, ಜನರೇಟರು, ಮಷೀನು ಎಲ್ಲ ಹರಾಜು ಹಾಕಿದರು. ಅಕ್ಕಾರ ಡಾಬಿನಿಂದ ಬಂದ ಮಷೀನು ಮಾರಿದ ರೊಕ್ಕ ಸೇಟಿಗೆ, ಖುರ್ಚಿಯವನಿಗೆ, ಡೀಸೆಲ್ಲಿನವನಿಗೆ ಹಂಚಿಹೋಯಿತು. ಅಕ್ಕಾರು ಪಟ್ಟಿಯಲ್ಲಿ ಇರಲಿಲ್ಲವಲ್ಲ, ಅವರಿಗೆ ಪಾಲಿಲ್ಲ. ಮುಂದೆ ಬಿಡುಗಡೆಯ ಕಾಗದವೂ ಬಂತು. ಮಂದಿ ಬೆಳಿಗ್ಗೆ ಬಂದು ಬಾಗಿಲು ಬಡಿಯುವುದು ನಿಂತಿತು. ಬಾಗಿಲು ಬಡಿಯುವುದು ಮಾತ್ರವಲ್ಲ, ದಾರಿಯಲ್ಲಿ ಸಿಕ್ಕರೆ ಮಾತಾಡಿಸುವುದೂ ನಿಂತಿತು. ಸಾವ್ಕಾರ್ರು ಗಂಗಾವತಿಯ ಪಕ್ಕಾ ಥೇಟರಿನಲ್ಲಿ ಪರರ ಮಷೀನು ನಡೆಸುವ ಆಪರೇಟರಾದರು. ನಾನು ಅದೇ ಥೇಟರಿನ ಗೇಟಿಗೆ ಹೋದೆ. ಸಂಬಳದಲ್ಲಿ ಟೆಂಟಿನ ಮೇಲೆ ಉಳಿದಿದ್ದ ಸರಕಾರಿ ತೆರಿಗೆಯ ಕಂತು ಕಟ್ಟಿ ಮಿಕ್ಕಿದ್ದರಲ್ಲಿ ಸಾವ್ಕಾರ್ರ ಊಟ.

ಯಲಬುರ್ಗಿಯ ಬಾಕಿ ಬೆಳೆಯುತ್ತಿತ್ತು. ಅಣ್ಣ ವಾರಂಟು ತರುತ್ತೇನೆ, ಜೈಲಿಗೆ ಹಾಕಿಸುತ್ತೇನೆ ಎಂದು ಹೇಳಿ ಕಳಿಸಿದ್ದ. ಆಗ ನನ್ನ ತಲೆಗೆ ಮತ್ತೊಂದು ಹುಳ ಹೊಕ್ಕಿತು. ಅಕ್ಕಾರೇ ಬೇಡ ಎಂದು ಬರೆದುಕೊಟ್ಟರೆ? ನಾನು ಮಾತಾಡಿ ಒಪ್ಪಿಸಲಾಗದ ಮನುಷ್ಯರು ಈ ನಾಲ್ಕು ತಾಲೂಕಿನಲ್ಲಿ ಇಲ್ಲ ಎಂದು ಜಂಬ ಕೊಚ್ಚಿಕೊಂಡು ಯಲಬುರ್ಗಿಗೆ ಹೋದೆ. ಕಟ್ಟೆಯ ಮೇಲೆ ಕೂತು ಸಾವ್ಕಾರ್ರ ಹರಿದ ಕೋಟು, ಒಣಗಿದ ಮುಖ, ಎಲ್ಲ ಬಣ್ಣ ಹಚ್ಚಿ ಹೇಳಿದೆ. ಅಕ್ಕಾರು ಕೌದಿಗೆ ಹೊಲಿಗೆ ಹಾಕುತ್ತಲೇ ಕೇಳಿದರು.

‘ಸೇಟಂದು ಹೋತೇನು?’

‘ಹೋತ್ರಿ.’

‘ಉಳಿದವರದು?’

‘ಎಲ್ಲಾ ಹೋತ್ರಿ. ನಿಮ್ಮದೊಂದ ಉಳದೈತಿ.’

‘ನಂದೂ ಹೋದ್ರ, ನಾ ಅವರಿಗೆ ಏನಾಗಬೇಕು ತಮ್ಮಾ?’

ಅವರೇ ದಾರ ಕಡಿದು ಹೇಳಿದರು: ‘ಜೈಲಿಗೆ ಹಾಕಸಂಗಿಲ್ಲ, ನಮ್ಮಣ್ಣಗ ನಾ ಹೇಳತೀನಿ. ಆದ್ರ ಬಿಡಂಗಿಲ್ಲ. ಇನ್ನ ಮ್ಯಾಲ ನೀ ತರಬ್ಯಾಡ. ಎಷ್ಟ ಇರತೈತಿ ಅಷ್ಟ ಹಿಡಕೊಂಡು ಅವರ ಬರಲಿ.’

ಇದನ್ನು ಸಾವ್ಕಾರ್ರಿಗೆ ಹೇಳಿದಾಗ ಮಷೀನಿಗೆ ಎಣ್ಣೆ ಬಿಡುತ್ತಿದ್ದರು. ಎಣ್ಣೆ ಡಬ್ಬಿ ಕೆಳಗಿಟ್ಟು, ‘ಯಲಬುರ್ಗಿ ಬಸ್ಸು ಎಷ್ಟಕ್ಕೈತಿ?’ ಎಂದರು.

ಅಲ್ಲಿಂದ ಅವರು ಸಾಯುವ ತನಕ ಒಂದು ತಿಂಗಳೂ ತಪ್ಪಲಿಲ್ಲ. ಕೆಲವು ತಿಂಗಳು ನಲವತ್ತಿರುತ್ತಿತ್ತು, ಕೆಲವು ತಿಂಗಳು ಹತ್ತು. ಎಷ್ಟೋ ಸಲ ನಾನೂ ಜೊತೆಗೆ ಹೋಗುತ್ತಿದ್ದೆ. ‘ಎಲ್ಲಾರೂ ಹೆಂಡ್ತಿ ತವರಮನಿಗೆ ಇಸಗೊಳ್ಳಾಕ ಹೋದ್ರ ನೀವು ಕೊಡಾಕ ಹೊಂಟೀರಲ್ರಿ. ಅಳಿಯಂದಿರ ಕುಲಕ್ಕ ಕೆಟ್ಟ ಹೆಸರು ತರತೀರಿ’ ಎಂದು ಕಾಡಿದರೆ, ‘ಸುಮ್ನಿರಲೇ ಬಾಯಿಬಡಕ’ ಎಂದು ನಗುತ್ತಿದ್ದರು. ಅವರು ನಗುವುದನ್ನು ಟೆಂಟಿದ್ದಾಗಲೂ ನಾನು ಅಷ್ಟು ನೋಡಿರಲಿಲ್ಲ.

ಅಲ್ಲಿ ಹೋದರೆ ಕಟ್ಟೆಯ ಕೆಳಗೆ ನಿಲ್ಲುವುದು. ಅಕ್ಕಾರು ಹೊಸ್ತಿಲ ಒಳಗೆ. ರೊಕ್ಕ ತೆಗೆದುಕೊಂಡು ಒಂದು ಚರಿಗೆ ನೀರು ಕೊಡುವರು. ‘ಮಳಿ ಆತೇನು ಆ ಕಡೆ?’ ‘ಆತು.’ ಇಷ್ಟೇ ಮಾತು. ಒಂದು ತಿಂಗಳು ಅಕ್ಕಾರು ಇದ್ದಕ್ಕಿದ್ದಂತೆ, ‘ಈಗ ಯಾವ ಸಿನಿಮಾ ಹಚ್ಚ್ಯಾರ?’ ಎಂದರು. ಅವರು ಜನ್ಮದಲ್ಲಿ ಒಂದೂ ಸಿನಿಮಾ ನೋಡಿರಲಿಲ್ಲ. ತಮ್ಮ ಡಾಬು ಹೋಗಿ ಬಂದ ಮಷೀನಿನ ಬೆಳಕನ್ನು ಒಂದು ದಿನವೂ ನೋಡಿರಲಿಲ್ಲ. ಸಾವ್ಕಾರ್ರು ತೊದಲುತ್ತ ಕತೆ ಶುರುಮಾಡಿದರು. ಜಾತ್ರೆಯಲ್ಲಿ ಅಗಲಿದ ಅಣ್ಣತಮ್ಮಂದಿರು, ಕುರುಡಿ ತಾಯಿ, ಕೆಟ್ಟ ಗೌಡ. ಹೇಳುತ್ತ ಹೇಳುತ್ತ ದನಿ ಬಂತು, ಕೈ ಬಂತು. ಮಗ್ಗುಲ ಮನೆಯ ಹೆಂಗಸರು ಮೊರದಲ್ಲಿ ಜೋಳ ಹಿಡಿದುಕೊಂಡೇ ಬಂದು ನಿಂತರು. ತಿಂಗಳಿಗೊಂದು ಕತೆ ರೂಢಿಯಾಯಿತು. ಯಲಬುರ್ಗಿಯ ಆ ಓಣಿಯಲ್ಲಿ ಅವರು ಬರುವ ದಿನಕ್ಕೆ ಮಂದಿ ಕಾಯುತ್ತಿದ್ದರು. ಕೂಗಿ ಜನ ಸೇರಿಸುವುದರಲ್ಲಿ ನಾನು ನಂಬರ್ ಒನ್ ಅಂದುಕೊಂಡಿದ್ದೆ. ಆ ಮನುಷ್ಯ ಕೂಗದೆ ಸೇರಿಸಿದರು.

ಒಮ್ಮೆ ಬಸ್ಸಿನಲ್ಲಿ ಕೇಳಿದೆ: ‘ಆ ಸಿನಿಮಾದಾಗ ಹೀರೋ ಗುಂಡು ಬಡದು ಸಾಯತಾನಲ್ರಿ. ನೀವು ಬದುಕಿಸಿ ಮದಿವಿ ಮಾಡಿಬಿಟ್ರಿ!’

‘ಆಕಿ ಮುಂದ ಯಾರನ್ನೂ ಸಾಯಸಾಕ ಮನಸ್ಸ ಬರಲಿಲ್ಲೋ.’

ಇನ್ನೊಮ್ಮೆ ನಾನೇ, ‘ಸಾವ್ಕಾರ್ರ, ಪಟ್ಟಿ ಬರಸಿದಾಂವ ನಾ ಅಂತ ಅಕ್ಕಾರಿಗೆ ಹೇಳಿಬಿಡತೀನ್ರಿ’ ಎಂದಿದ್ದೆ. ಅವರು ಕಿಟಕಿಯ ಹೊರಗೆ ನೋಡುತ್ತ, ‘ಹೂಂ ಅಂದಾಂವ ನಾನ ಅಲ್ಲೇನು? ಆ ಮಾತ ಎತ್ತಬ್ಯಾಡ’ ಎಂದರು. ನನಗೂ ಅದೇ ಬೇಕಾಗಿತ್ತು. ಬಾಯಿ ಮುಚ್ಚಿಕೊಂಡೆ.

ಎಂಬತ್ತರ ದಶಕದ ಕೊನೆಯಲ್ಲಿ ಅವರಿಗೆ ಎದೆಯ ಬೇನೆ ಬಂತು. ಕಾರ್ಬನ್ ಹೊಗೆ ಒಳಗೆ ಕೂತಿದೆ ಎಂದರು ಡಾಕ್ಟರು. ಗಂಗಾವತಿಯ ದವಾಖಾನೆಯಲ್ಲಿ ಒಂದು ಮಧ್ಯಾಹ್ನ ಹೋಗಿಬಿಟ್ಟರು. ನವಲಿಯ ಕಡೆಯ ದಾಯಾದಿಗಳು ಬಂದು ಅವತ್ತೇ ಒಯ್ದು ಮಣ್ಣು ಮಾಡಿದರು. ಯಲಬುರ್ಗಿಗೆ ಹೇಳಿ ಕಳಿಸುವ ಕೆಲಸ ನನ್ನದಾಗಿತ್ತು. ಊರಿಗೆಲ್ಲ ಸುದ್ದಿ ಸಾರುವವನಿಗೆ ಆ ಒಂದು ಸುದ್ದಿ ಹೊರಲು ಕಾಲು ಏಳಲಿಲ್ಲ. ನಾನು ಹೋಗುವ ಹೊತ್ತಿಗೆ ಮಣ್ಣಾಗಿ ದಿನಗಳಾಗಿದ್ದವು. ಬೇರೆ ಯಾರೋ ತಿಳಿಸಿದ್ದರು. ಅಕ್ಕಾರ ಕೈ ಬಳೆಯಿಲ್ಲದೆ ಬರಿದಾಗಿತ್ತು. ಕೌದಿ ಮಡಿಚಿಟ್ಟಿತ್ತು.

ನನ್ನ ಸಂಬಳದಿಂದ ತಂದ ನಲವತ್ತು ರೂಪಾಯಿ ಕಟ್ಟೆಯ ಮೇಲಿಟ್ಟು, ‘ಸಾವ್ಕಾರ್ರು ಮೊದಲ ಕೊಟ್ಟಿಟ್ಟಿದ್ರು’ ಎಂದೆ.

‘ಸುಳ್ಳ ಹೇಳಬ್ಯಾಡ ತಮ್ಮಾ. ಹುಕುಂ ಇದ್ದದ್ದು ಅವರ ಮ್ಯಾಲ. ಅದು ಅವರ ಸಂಗಾಟ ಹೋತು. ನೀ ಯಾಕ ತುಂಬತಿ?’

‘ಪಟ್ಟಿನ್ಯಾಗ ನಿಮ್ಮ ಹೆಸರ ಬರಸಿದಾಂವ ನಾನ್ರಿ ಅಕ್ಕಾರ. ಅವರು ಬ್ಯಾಡ ಅಂದಿದ್ರು. ನಾ ಒತ್ತಾಯ ಮಾಡಿದೆ. ಕೋರ್ಟಿನ್ಯಾಗ ಅವರು ತಮ್ಮ ಮ್ಯಾಲ ಹಾಕ್ಕೊಂಡ್ರು.’

ಓಣಿಯಲ್ಲಿ ಯಾರದೋ ಆಡುಗಳು ಹೋದವು. ಆಮೇಲೆ ಅಕ್ಕಾರು ಹೇಳಿದರು, ನನಗಲ್ಲ, ಬಾಗಿಲಿಗೆ ಹೇಳಿದ ಹಾಗೆ: ‘ಅದೊಂದಕ್ಕ ನಾ ಅವರನ್ನ ಒಳಗ ಕರೀಲಿಲ್ಲ. ಬಂಗಾರ ಹೋದದ್ದಕ್ಕಲ್ಲ. ಬಿಟ್ಟು ಹೋದದ್ದಕ್ಕಲ್ಲ. ಖುರ್ಚಿಯವನ ಕೆಳಗ ನನ್ನ ಹೆಸರ ಬರಸಿದ್ರಲ್ಲ, ಅದಕ್ಕ. ಪ್ರತಿ ಸಲ ಇವತ್ತ ಕರೀಬೇಕು ಅನ್ಕೊತಿದ್ದೆ.’

ಎದ್ದು ಹೋಗಲು ಚಪ್ಪಲಿಗೆ ಕಾಲು ಹಾಕಿದೆ.

‘ಎಲ್ಲಿಗೆ ಹೊಂಟಿ? ಬಿಸಲಾಗ ಬಂದೀದಿ. ಒಳಗ ಬಾ, ಉಂಡು ಹೋಗು.’

ಹೊಸ್ತಿಲು ದಾಟಿದೆ. ಒಳಗೆ ಚಾಪೆ ಹಾಸಿ, ಗಂಗಾಳ ಇಟ್ಟು, ರೊಟ್ಟಿ ಹಾಕಿದರು. ಗೋಡೆಗೆ ಒರಗಿ ಎದುರಿಗೆ ಕೂತರು.

‘ಒಂದ ಮಾತ ಹೇಳಬೇಕಿತ್ತಲ್ಲ ತಮ್ಮಾ. ಅವರಾದ್ರೂ, ನೀನಾದ್ರೂ.’

‘ಹೇಳಬೇಕಿತ್ರಿ, ಅಕ್ಕಾರ.’

ಅವರು ಇನ್ನೊಂದು ರೊಟ್ಟಿ ಹಾಕಿದರು.